ಲಂಡನ್–ನ್ಯೂಯಾರ್ಕ್: ದಾರಿ ಒಂದೇ ಆಗಿರುವಾಗ ಹೋಗುವುದಕ್ಕೆ ಎಂಟು ಗಂಟೆ, ಬರುವುದಕ್ಕೆ ಏಳು ಗಂಟೆ ಏಕೆ?

ಗಣಿತಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ದೂರ, ವೇಗ ಮತ್ತು ಕಾಲದ ಲೆಕ್ಕಗಳನ್ನು ಕಲಿಸುವಾಗ ಈ ಬಾರಿ ರೈಲು ಮತ್ತು ದೋಣಿಯ ಹಳೆಯ ಉದಾಹರಣೆಗಳನ್ನು ಬದಿಗಿಟ್ಟು, ಲಂಡನ್ ಮತ್ತು ನ್ಯೂಯಾರ್ಕ್ ನಡುವಿನ ವಿಮಾನಯಾನವನ್ನು ತೆಗೆದುಕೊಂಡೆ. ದೂರ 5,550 ಕಿ.ಮೀ. ಎಂದೂ ವೇಗ ಗಂಟೆಗೆ 900 ಕಿ.ಮೀ. ಎಂದೂ ಇಟ್ಟುಕೊಂಡು ಭಾಗಿಸಿದರೆ 6 ಗಂಟೆ 10 ನಿಮಿಷ ಬರುತ್ತದೆ. ಮಕ್ಕಳೆಲ್ಲರೂ ಸರಿಯಾಗಿಯೇ ಉತ್ತರಿಸಿದರು.

ಮರುದಿನ ಒಬ್ಬ ವಿದ್ಯಾರ್ಥಿನಿ ವೇಳಾಪಟ್ಟಿಗಳನ್ನು ನೋಡಿಕೊಂಡು ಬಂದು, ಲಂಡನ್ನಿನಿಂದ ನ್ಯೂಯಾರ್ಕಿಗೆ ಹೆಚ್ಚುಕಡಿಮೆ 8 ಗಂಟೆ ಎಂದೂ, ನ್ಯೂಯಾರ್ಕಿನಿಂದ ಲಂಡನ್ನಿಗೆ ಹೆಚ್ಚುಕಡಿಮೆ 7 ಗಂಟೆ ಎಂದೂ ಬರೆದಿರುವುದನ್ನು ತೋರಿಸಿದಳು. ನಮ್ಮ 6 ಗಂಟೆ 10 ನಿಮಿಷ ಎರಡಕ್ಕೂ ಹೊಂದುವುದಿಲ್ಲ. "ಟೀಚರ್, ದಾರಿ ಎರಡು ಕಡೆಗೂ ಅಷ್ಟೇ ಉದ್ದವಲ್ಲವೇ?" ಎಂದು ಅವಳು ಕೇಳಿದಾಗ, ಗಾಳಿಯ ಕಾರಣದಿಂದ ಹಾಗಾಗುತ್ತದೆ ಎಂದಷ್ಟೇ ಹೇಳಿದೆ. ಆ ಒಂದು ಮಾತು ಅವಳಿಗೆ ಸಾಲಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಸಾಲಲಿಲ್ಲ. ಇದರ ಜೊತೆಗೆ ದೂರದ ವಿಷಯದಲ್ಲಿಯೇ ಒಂದು ಕಡೆ 5,570, ಇನ್ನೊಂದು ಕಡೆ 5,540, ಮತ್ತೊಂದು ಕಡೆ 5,555 ಕಿ.ಮೀ. ಎಂದು ಕಾಣುತ್ತಿದೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ. ತರಗತಿಗೆ ಅರ್ಧ ಉತ್ತರವನ್ನು ಹೊತ್ತುಕೊಂಡು ಹೋಗಲು ನನಗೆ ಇಷ್ಟವಿಲ್ಲ.

ಸಂಕೇತಕಾರ

ಮೇಡಂ, ದೂರದ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ, ಏಕೆಂದರೆ ಇಂಥ ದೂರಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸದ ಒಂದು ಭಾಗ. ನೀವು ನೋಡಿದ ಮೂರು ಸಂಖ್ಯೆಗಳೂ ಸರಿಯಾಗಿವೆ, ಆದರೆ ಅವು ಅಳೆಯುತ್ತಿರುವುದು ಬೇರೆಬೇರೆ ಸಂಗತಿಗಳನ್ನು.

5,570 ಎಂಬುದು ನಗರದ ಮಧ್ಯಬಿಂದುವಿನಿಂದ ನಗರದ ಮಧ್ಯಬಿಂದುವಿಗೆ ಇರುವ ದೂರ. ಆದರೆ ವಿಮಾನವು ನಗರದ ನಡುವಿನಿಂದ ಹೊರಡುವುದಿಲ್ಲ. ಹೀಥ್ರೂ ನಿಲ್ದಾಣ ಲಂಡನ್ನಿನ ಪಶ್ಚಿಮ ಅಂಚಿನಲ್ಲಿದೆ, ನ್ಯೂಯಾರ್ಕಿನ ಜೆ.ಎಫ್.ಕೆ. ನಿಲ್ದಾಣ ನಗರದ ನಡುಭಾಗವಾದ ಮ್ಯಾನ್‌ಹ್ಯಾಟನ್ನಿನ ಪೂರ್ವಕ್ಕೆ ಕ್ವೀನ್ಸ್ ಭಾಗದಲ್ಲಿದೆ. ಎರಡೂ ಒಂದರ ಕಡೆಗೆ ಇನ್ನೊಂದು ಸರಿದು ನಿಂತಂತಿರುವುದರಿಂದ ನಡುವಿನ ದೂರ ಸುಮಾರು 30 ಕಿ.ಮೀ. ಕಡಿಮೆಯಾಗಿ 5,540ಕ್ಕೆ ಇಳಿಯುತ್ತದೆ. ಅದೇ ನ್ಯೂಯಾರ್ಕ್ ಪ್ರದೇಶದ ಇನ್ನೊಂದು ನಿಲ್ದಾಣವಾದ ನೆವಾರ್ಕಿಗೆ ಹೋಗುವುದಾದರೆ, ಅದು ಮ್ಯಾನ್‌ಹ್ಯಾಟನ್ನಿನ ಪಶ್ಚಿಮಕ್ಕಿರುವುದರಿಂದ, ದೂರ ಮತ್ತೆ ಹೆಚ್ಚುತ್ತದೆ.

ಇನ್ನು 5,540 ಮತ್ತು 5,555ರ ನಡುವಿನ ವ್ಯತ್ಯಾಸಕ್ಕೆ ಭೂಮಿಯ ಆಕಾರವೇ ಕಾರಣ. ಗೋಳದ ಮೇಲಿನ ದೂರವನ್ನು ಲೆಕ್ಕ ಹಾಕುವ ಹ್ಯಾವರ್‌ಸೈನ್ ಸೂತ್ರವು ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಪರಿಪೂರ್ಣ ಗೋಳವೆಂದು ಎಣಿಸುತ್ತದೆ. ವಾಸ್ತವದಲ್ಲಿ ಸಮಭಾಜಕದ ಬಳಿ ತ್ರಿಜ್ಯ 6,378 ಕಿ.ಮೀ., ಧ್ರುವಗಳ ಬಳಿ 6,357 ಕಿ.ಮೀ. ಈ ಚಪ್ಪಟೆತನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನಗಳಿಂದ ಅದೇ ಎರಡು ನಿಲ್ದಾಣಗಳ ನಡುವೆ 5,555 ಕಿ.ಮೀ.ಯಷ್ಟು ಬರುತ್ತದೆ. ಹದಿನೈದು ಕಿಲೋಮೀಟರ್ ಎಂದರೆ ವಿಮಾನಕ್ಕೆ ಒಂದೇ ನಿಮಿಷ, ಆದ್ದರಿಂದ ತರಗತಿಯಲ್ಲಿ ನೀವು 5,550 ಎಂದು ಹೇಳಿದ್ದರಲ್ಲಿ ಯಾವ ತಪ್ಪೂ ಇಲ್ಲ.

ಭೂಪಟಪ್ರೇಮಿ

ಸಂಕೇತಕಾರರ ಮಾತಿಗೆ ಒಂದು ಸಂಗತಿಯನ್ನು ಸೇರಿಸಬೇಕು. ಅವರು ಹೇಳಿದ ದೂರವೆಲ್ಲ ಮಹಾವೃತ್ತದ ಮೇಲಿನ ದೂರ, ಅಂದರೆ ಗೋಳದ ಮೇಲ್ಮೈಯಲ್ಲಿ ಎರಡು ಬಿಂದುಗಳ ನಡುವೆ ಎಳೆಯಬಹುದಾದ ಅತಿ ಚಿಕ್ಕ ದಾರಿ. ಗೋಡೆಯ ಮೇಲಿನ ಭೂಪಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಆ ದಾರಿ ಸಿಗುವುದಿಲ್ಲ.

ಭೂಪಟಕಾರ ಮರ್ಕೇಟರ್ 1569ರಲ್ಲಿ ರೂಪಿಸಿದ ಪ್ರಕ್ಷೇಪದಲ್ಲಿ, ಅಂದರೆ ಗೋಳವನ್ನು ಸಪಾಟು ಹಾಳೆಯ ಮೇಲೆ ತರುವ ವಿಧಾನದಲ್ಲಿ, ನೇರ ಗೆರೆ ಎಂದರೆ ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಸಾಗುವ ದಾರಿ. ಹಡಗಿನವರಿಗೆ ಅದು ಬಹಳ ಅನುಕೂಲವಾಗಿತ್ತು. ಆದರೆ ಲಂಡನ್ನಿನಿಂದ ನ್ಯೂಯಾರ್ಕಿಗೆ ಹಾಗೆ ಹೋದರೆ ಸುಮಾರು 5,760 ಕಿ.ಮೀ. ಆಗುತ್ತದೆ, ಅಂದರೆ ಸುಮಾರು 220 ಕಿ.ಮೀ. ಹೆಚ್ಚು. ನ್ಯೂಯಾರ್ಕ್ ಲಂಡನ್ನಿಗಿಂತ ಹತ್ತು ಡಿಗ್ರಿಗೂ ಹೆಚ್ಚು ದಕ್ಷಿಣದಲ್ಲಿದ್ದರೂ, ಚಿಕ್ಕ ದಾರಿಯನ್ನು ಹಿಡಿದವನು ಹೀಥ್ರೂವಿನಿಂದ ಹೊರಡುವಾಗ ಪಶ್ಚಿಮಕ್ಕಿಂತ ಸುಮಾರು 18 ಡಿಗ್ರಿ ಉತ್ತರಕ್ಕೆ ಮುಖ ಮಾಡಬೇಕಾಗುತ್ತದೆ. ಆ ದಾರಿ ಐರ್ಲೆಂಡಿನ ಮೇಲೆ ಹಾದು, ಸಾಗರದ ನಡುವೆ 53–54 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಬಳಿಕ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೇಲಿನಿಂದ ದಕ್ಷಿಣಕ್ಕೆ ಬಾಗಿ ಇಳಿಯುತ್ತದೆ. ಮಕ್ಕಳಿಗೆ ಸೂತ್ರವೇ ಬೇಡ ಮೇಡಂ. ಒಂದು ಭೂಗೋಳವನ್ನು ಮೇಜಿನ ಮೇಲಿಟ್ಟು, ಎರಡು ನಗರಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ, ದಾರ ತಾನಾಗಿಯೇ ಐರ್ಲೆಂಡ್ ಮತ್ತು ನ್ಯೂಫೌಂಡ್‌ಲ್ಯಾಂಡ್ ಮೇಲೆ ಕೂರುತ್ತದೆ. ನಾನು ಭೂಪಟಗಳನ್ನು ಪ್ರೀತಿಸಲು ಆರಂಭಿಸಿದ್ದು ಚಿಕ್ಕವನಿದ್ದಾಗ ಮಾಡಿದ ಈ ಒಂದು ಪ್ರಯೋಗದಿಂದ.

ಕುತೂಹಲಿ

ದೂರದ ಮಾತು ಅರ್ಥವಾಯಿತು. ಆದರೆ ಹೋಗುವಾಗ ಮತ್ತು ಬರುವಾಗಿನ ವ್ಯತ್ಯಾಸಕ್ಕೆ ಭೂಮಿಯ ತಿರುಗುವಿಕೆಯೇ ಕಾರಣವಲ್ಲವೇ? ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ವಿಮಾನವು ಅದೇ ದಿಕ್ಕಿನಲ್ಲಿ ಹೋದಾಗ ಬೇಗ ತಲುಪುತ್ತದೆ, ವಿರುದ್ಧ ದಿಕ್ಕಿನಲ್ಲಿ ನಿಧಾನವಾಗುತ್ತದೆ ಎಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ವಿಮಾನದಲ್ಲಿ ಕುಳಿತಾಗ ಉರುಳುವ ಭೂಮಿಯನ್ನು ಬೆನ್ನಟ್ಟುತ್ತಿದ್ದೇವೆ ಎಂಬ ಭಾವನೆ ನನಗೆ ಸಹಜವಾಗಿಯೇ ತೋರುತ್ತದೆ.

ಯಾನಯೋಜಕ

ಕುತೂಹಲಿಯವರೇ, ಈ ನಂಬಿಕೆ ಬಹಳ ಜನರಲ್ಲಿದೆ, ಆದ್ದರಿಂದ ಅದನ್ನು ಮೊದಲು ಪರೀಕ್ಷಿಸೋಣ. ನಾನು ಅನೇಕ ವರ್ಷ ವಿಮಾನಗಳ ಯಾನಯೋಜನೆ ಸಿದ್ಧಪಡಿಸುವ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪ್ರತಿ ಯಾನಕ್ಕೆ ಯಾವ ದಾರಿ, ಎಷ್ಟು ಎತ್ತರ, ಎಷ್ಟು ಇಂಧನ ಎಂದು ನಿರ್ಧರಿಸುವುದು ನಮ್ಮ ಕೆಲಸವಾಗಿತ್ತು.

ಲಂಡನ್ನಿನ ಅಕ್ಷಾಂಶದಲ್ಲಿ ನೆಲವು ಗಂಟೆಗೆ ಸುಮಾರು 1,040 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ವಿಮಾನ ನೆಲ ಬಿಟ್ಟ ಕೂಡಲೇ ಭೂಮಿ ಅದರ ಕೆಳಗೆ ಜಾರಿಹೋಗುವುದಾದರೆ, ಪಶ್ಚಿಮಕ್ಕಿರುವ ನ್ಯೂಯಾರ್ಕ್ ತಾನೇ ನಮ್ಮತ್ತ ಬರಬೇಕಿತ್ತು, ಪಶ್ಚಿಮದ ಯಾನವೇ ಬೇಗ ಮುಗಿಯಬೇಕಿತ್ತು. ಪೂರ್ವಕ್ಕೆ ಹೊರಟ 900 ಕಿ.ಮೀ. ವೇಗದ ವಿಮಾನ ಲಂಡನ್ನನ್ನು ಎಂದಿಗೂ ಹಿಡಿಯಲಾಗುತ್ತಿರಲಿಲ್ಲ. ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗಾಗಿದೆ. ನೆಲದ ಜೊತೆಯಲ್ಲಿ ಗಾಳಿಯೂ ತಿರುಗುತ್ತಿದೆ, ಗಾಳಿಯೊಳಗಿರುವ ವಿಮಾನವೂ ತಿರುಗುತ್ತಿದೆ. ಓಡುವ ರೈಲಿನೊಳಗೆ ಎಂಜಿನ್ ಕಡೆಗೆ ನಡೆದರೂ ಹಿಂದಿನ ಬೋಗಿಯ ಕಡೆಗೆ ನಡೆದರೂ ಹೆಜ್ಜೆಗಳ ಲೆಕ್ಕ ಒಂದೇ ಆಗಿರುವಂತೆ.

ಇನ್ನು ಮೇಡಂ ಅವರ ಪ್ರಶ್ನೆಗೆ ಬರುತ್ತೇನೆ. ನೀವು ದೋಣಿಯ ಉದಾಹರಣೆಯನ್ನು ಬದಿಗಿಟ್ಟೆ ಎಂದು ಬರೆದಿದ್ದೀರಿ. ನಿಮ್ಮ ವಿದ್ಯಾರ್ಥಿನಿಯ ಉತ್ತರ ಇದ್ದದ್ದು ಆ ದೋಣಿಯಲ್ಲಿಯೇ. ಪ್ರವಾಹದ ಜೊತೆಗೆ ಸಾಗುವ ದೋಣಿ ಮತ್ತು ಪ್ರವಾಹದ ಎದುರು ಸಾಗುವ ದೋಣಿಯ ಲೆಕ್ಕವಿದೆಯಲ್ಲ, ವಿಮಾನದ ಲೆಕ್ಕವೂ ಅದೇ. 900 ಕಿ.ಮೀ. ಎಂಬುದು ಗಾಳಿಯೊಳಗಿನ ವೇಗ, ನೆಲದ ಮೇಲಿನ ವೇಗವಲ್ಲ. ಸುಮಾರು 11 ಕಿ.ಮೀ. ಎತ್ತರದಲ್ಲಿ ಉಷ್ಣತೆ ಶೂನ್ಯಕ್ಕಿಂತ 56 ಡಿಗ್ರಿಯಷ್ಟು ಕೆಳಗಿರುತ್ತದೆ. ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ., ಇಂದಿನ ದೊಡ್ಡ ವಿಮಾನಗಳು ಅದರ ಶೇಕಡಾ 85ರ ಆಸುಪಾಸಿನಲ್ಲಿ ಹಾರುತ್ತವೆ. ಅದೇ ನಿಮ್ಮ 900.

ಅದೇ ಎತ್ತರದಲ್ಲಿ, ಸಾಮಾನ್ಯವಾಗಿ 9ರಿಂದ 12 ಕಿ.ಮೀ. ನಡುವೆ, ಜೆಟ್ ಸ್ಟ್ರೀಮ್ ಎಂಬ ಗಾಳಿಯ ನದಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಉತ್ತರದ ತಂಪು ಗಾಳಿಗೂ ದಕ್ಷಿಣದ ಬೆಚ್ಚನೆಯ ಗಾಳಿಗೂ ಇರುವ ಉಷ್ಣತೆಯ ವ್ಯತ್ಯಾಸದಿಂದ ಅದು ಹುಟ್ಟುತ್ತದೆ. ಭೂಮಿಯ ತಿರುಗುವಿಕೆ ಅದನ್ನು ಪೂರ್ವದ ಕಡೆಗೆ ಬಾಗಿಸುತ್ತದೆ. ಹೀಗಾಗಿ ಕುತೂಹಲಿಯವರು ತಿರುಗುವಿಕೆಯನ್ನು ನೆನೆದದ್ದು ಪೂರ್ತಿ ವ್ಯರ್ಥವಲ್ಲ, ಅದರ ಪ್ರಭಾವ ಗಾಳಿಯ ಮೂಲಕ ಬರುತ್ತದೆ ಅಷ್ಟೇ. ಚಳಿಗಾಲದಲ್ಲಿ ಉಷ್ಣತೆಯ ವ್ಯತ್ಯಾಸ ಹೆಚ್ಚಾಗುವುದರಿಂದ ಪ್ರವಾಹವೂ ಬಿರುಸಾಗುತ್ತದೆ, ಕೆಲವು ದಿನ ಗಂಟೆಗೆ 300 ಕಿ.ಮೀ. ದಾಟುತ್ತದೆ.

ಈ ನದಿ ಒಂದೇ ಜಾಗದಲ್ಲಿ ಹರಿಯುವುದಿಲ್ಲ, ದಿನದಿನಕ್ಕೂ ಅಂಕುಡೊಂಕಾಗಿ ಸರಿಯುತ್ತದೆ. ಆದ್ದರಿಂದಲೇ ಉತ್ತರ ಅಟ್ಲಾಂಟಿಕ್ ಮೇಲಿನ ಮುಖ್ಯ ದಾರಿಗಳನ್ನು ಪ್ರತಿದಿನವೂ ಹೊಸದಾಗಿ ಗೊತ್ತುಪಡಿಸುತ್ತಾರೆ. ಪಶ್ಚಿಮಕ್ಕೆ ಹೋಗುವವರ ಹಗಲಿನ ದಾರಿಗಳನ್ನು ಬ್ರಿಟನ್ ಮತ್ತು ಐರ್ಲೆಂಡ್ ಕಡೆಯ ವಿಮಾನಸಂಚಾರ ನಿಯಂತ್ರಣದ ಶ್ಯಾನ್‌ವಿಕ್ ಕೇಂದ್ರವೂ, ಪೂರ್ವಕ್ಕೆ ಹೋಗುವವರ ರಾತ್ರಿಯ ದಾರಿಗಳನ್ನು ನ್ಯೂಫೌಂಡ್‌ಲ್ಯಾಂಡಿನ ಗ್ಯಾಂಡರ್ ಕೇಂದ್ರವೂ ಪ್ರಕಟಿಸುತ್ತವೆ. ಪೂರ್ವಕ್ಕೆ ಹೋಗುವ ದಾರಿಗಳನ್ನು ಪ್ರವಾಹದ ನಡುವೆಯೇ ಹಾಕುತ್ತಾರೆ, ಪಶ್ಚಿಮದವುಗಳನ್ನು ಪ್ರವಾಹದಿಂದ ದೂರಕ್ಕೆ, ಬಹಳ ಸಲ ಇನ್ನೂ ಉತ್ತರಕ್ಕೆ ಒಯ್ಯುತ್ತಾರೆ. ಭೂಪಟಪ್ರೇಮಿಯವರ ದಾರ ತೋರಿಸುವ ದಾರಿ ಅತಿ ಚಿಕ್ಕದು, ಸರಿ. ಆದರೆ ಅದರಲ್ಲಿ ಎದುರುಗಾಳಿ ಬಲವಾಗಿದ್ದರೆ, ಇನ್ನೂರು ಕಿಲೋಮೀಟರ್ ಸುತ್ತಿ ಹೋದರೂ ಬೇಗ ತಲುಪುತ್ತೇವೆ. ನಾವು ಹುಡುಕುತ್ತಿದ್ದದ್ದು ಗಾಳಿಯೊಳಗೆ ಸಾಗಬೇಕಾದ ಅತಿ ಕಡಿಮೆ ದೂರವನ್ನು. ನೆಲದ ಕಿಲೋಮೀಟರುಗಳ ಬಗ್ಗೆ ನಮಗೆ ಅಂಥ ಮೋಹವಿರಲಿಲ್ಲ.

ಕುತೂಹಲಿ

ವಿವರಣೆಗೆ ಧನ್ಯವಾದಗಳು ಸರ್. ಭೂಮಿ ಜಾರಿಹೋಗುವುದಾದರೆ ಪಶ್ಚಿಮದ ಯಾನವೇ ಬೇಗ ಮುಗಿಯಬೇಕಿತ್ತು ಎಂಬ ಒಂದು ವಾಕ್ಯವೇ ನನ್ನ ಹಳೆಯ ನಂಬಿಕೆಯನ್ನು ಬಿಡಿಸಿತು. ಒಂದು ಸಣ್ಣ ಸಂಶಯ ಉಳಿದಿದೆ. ವಿಮಾನ ಹನ್ನೊಂದು ಕಿಲೋಮೀಟರ್ ಮೇಲೆ ಹಾರುವುದರಿಂದ ಅದು ಸುತ್ತಬೇಕಾದ ವೃತ್ತವೂ ದೊಡ್ಡದಾಗುತ್ತದೆಯಲ್ಲವೇ?

ಸಂಕೇತಕಾರ

ಆಗುತ್ತದೆ, ಆದರೆ ಬಹಳ ಕಡಿಮೆ. 6,371ಕ್ಕೆ 11 ಸೇರಿಸಿದರೆ ತ್ರಿಜ್ಯ ಸಾವಿರಕ್ಕೆ ಎರಡು ಪಾಲಿಗಿಂತಲೂ ಕಡಿಮೆ ಹೆಚ್ಚುತ್ತದೆ. ಲಂಡನ್–ನ್ಯೂಯಾರ್ಕ್ ದಾರಿಯಲ್ಲಿ ಅದು ಹತ್ತು ಕಿಲೋಮೀಟರನ್ನೂ ಮುಟ್ಟುವುದಿಲ್ಲ.

ಗಣಿತಶಿಕ್ಷಕಿ

ಯಾನಯೋಜಕರೇ, ದೋಣಿಯ ಬಗ್ಗೆ ನೀವು ಹೇಳಿದ ಮಾತನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹದಿನೈದು ವರ್ಷಗಳಿಂದ ಕಲಿಸುತ್ತಿರುವ ಲೆಕ್ಕ ಅದು. ಕೂಡಲೇ ಕಾಗದ ತೆಗೆದುಕೊಂಡು ಮಾಡಿ ನೋಡಿದೆ.

ದಾರಿಯುದ್ದಕ್ಕೂ ಗಂಟೆಗೆ 100 ಕಿ.ಮೀ. ಗಾಳಿ ಪೂರ್ವಕ್ಕೆ ಬೀಸುತ್ತಿದೆ ಎಂದು ಇಟ್ಟುಕೊಂಡರೆ, ಲಂಡನ್ನಿನ ಕಡೆಗೆ ಬರುವ ವಿಮಾನದ ವೇಗ 1,000 ಆಗಿ 5 ಗಂಟೆ 33 ನಿಮಿಷ ಸಾಕಾಗುತ್ತದೆ. ನ್ಯೂಯಾರ್ಕಿನ ಕಡೆಗೆ ಹೋಗುವ ವಿಮಾನದ ವೇಗ 800ಕ್ಕೆ ಇಳಿದು 6 ಗಂಟೆ 56 ನಿಮಿಷ ಬೇಕಾಗುತ್ತದೆ. ವಿದ್ಯಾರ್ಥಿನಿ ತೋರಿಸಿದ ಒಂದು ಗಂಟೆಯ ಅಂತರಕ್ಕಿಂತ ಇದು ಸ್ವಲ್ಪ ಹೆಚ್ಚೇ ಆಯಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಗಾಳಿಯೇ ಇಲ್ಲದಿದ್ದರೆ ಹೋಗಿಬರುವುದಕ್ಕೆ 12 ಗಂಟೆ 20 ನಿಮಿಷ. ಗಾಳಿ ಇದ್ದಾಗ 12 ಗಂಟೆ 29 ನಿಮಿಷ. ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಕಿತ್ತುಕೊಂಡು ಗಾಳಿಯ ಲೆಕ್ಕ ಸರಿಸಮವಾಗುತ್ತದೆ ಎಂದು ನಾನು ಊಹಿಸಿದ್ದೆ, ಹಾಗಾಗುವುದಿಲ್ಲ. ವಿಮಾನ ಎದುರುಗಾಳಿಯಲ್ಲಿ ಕಳೆಯುವ ಸಮಯವೇ ಹೆಚ್ಚು, ಆದ್ದರಿಂದ ನಷ್ಟವೂ ಹೆಚ್ಚು ಹೊತ್ತು ಸಂಗ್ರಹವಾಗುತ್ತದೆ. ಇದನ್ನು ಮಕ್ಕಳೇ ಕಂಡುಕೊಳ್ಳುವಂತೆ ಮಾಡಬೇಕು.

ಆದರೂ 5 ಗಂಟೆ 33 ನಿಮಿಷಕ್ಕೂ ವೇಳಾಪಟ್ಟಿಯ 7 ಗಂಟೆಗೂ ನಡುವೆ ಸುಮಾರು ಒಂದೂವರೆ ಗಂಟೆಯ ಅಂತರ ಉಳಿಯಿತಲ್ಲ? ಅದು ಎಲ್ಲಿಗೆ ಹೋಯಿತು?

ರಾತ್ರಿಪಯಣಿಗ

ಅದಕ್ಕೆ ಯಾನಯೋಜಕರೇ ಉತ್ತರಿಸಲಿ. ನಾನು ಗಡಿಯಾರದ ಬಗ್ಗೆ ಒಂದು ಎಚ್ಚರಿಕೆ ಹೇಳುತ್ತೇನೆ, ಏಕೆಂದರೆ ಇದರಲ್ಲಿ ನಾನು ನಿಜವಾಗಿಯೂ ಎಡವಿದ್ದೇನೆ.

ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಲಂಡನ್ನಿನಲ್ಲಿ ಬೆಳಿಗ್ಗೆ 11ಕ್ಕೆ ಹೊರಟು ನ್ಯೂಯಾರ್ಕಿನಲ್ಲಿ ಮಧ್ಯಾಹ್ನ 2ಕ್ಕೆ ಇಳಿಯುತ್ತೀರಿ ಎಂದಿದ್ದರೆ, ಗಡಿಯಾರದ ಲೆಕ್ಕದಲ್ಲಿ 3 ಗಂಟೆ. ಅದಕ್ಕೆ ಎರಡು ನಗರಗಳ ನಡುವಿನ 5 ಗಂಟೆಯ ವ್ಯತ್ಯಾಸ ಸೇರಿಸಿದರೆ 8 ಗಂಟೆ. ಮರಳುವಾಗ ಸಂಜೆ 7ಕ್ಕೆ ಹೊರಟು ಮರುದಿನ ಬೆಳಿಗ್ಗೆ 7ಕ್ಕೆ ಇಳಿದರೆ ಗಡಿಯಾರದಲ್ಲಿ 12 ಗಂಟೆ, ಅದರಿಂದ 5 ಕಳೆದರೆ 7 ಗಂಟೆ. ಇಲ್ಲಿಯವರೆಗೆ ಸರಳವಾಗಿದೆ.

ಆದರೆ ಆ 5 ಗಂಟೆ ವರ್ಷವಿಡೀ 5 ಆಗಿರುವುದಿಲ್ಲ. ಅಮೆರಿಕದಲ್ಲಿ ಬೇಸಿಗೆಯ ಸಮಯಕ್ಕಾಗಿ ಗಡಿಯಾರವನ್ನು ಮುಂದೆ ತಿರುಗಿಸುವುದು ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ. ಹಿಂದಕ್ಕೆ ತಿರುಗಿಸುವುದು ಬ್ರಿಟನ್ನಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ. ಈ ನಡುವಿನ ವಾರಗಳಲ್ಲಿ ವ್ಯತ್ಯಾಸ 4 ಗಂಟೆ ಮಾತ್ರ. ಅಂಥ ಒಂದು ಮಾರ್ಚ್ ತಿಂಗಳಲ್ಲಿ ನನ್ನ ಅಕ್ಕನನ್ನು ಕರೆತರಲು ನಾನು ಒಂದು ಗಂಟೆ ತಡವಾಗಿ ಹೋದೆ. ಯಾನಕ್ಕೆ ಹಿಡಿಯುವ ಸಮಯ ನನಗೆ ಬಾಯಿಪಾಠವಾಗಿತ್ತು, ಸಮಯದ ವ್ಯತ್ಯಾಸವೂ ಬಾಯಿಪಾಠವಾಗಿತ್ತು, ಬಾಯಿಪಾಠವೇ ಮೋಸ ಮಾಡಿತು. ಅಕ್ಕ ಏನೂ ಅನ್ನಲಿಲ್ಲ, ಆದರೆ ಚಳಿಯಲ್ಲಿ ಅವಳು ಹೊರಗೆ ನಿಂತಿದ್ದುದು ನನಗೆ ಇಂದಿಗೂ ನೋವಿನ ನೆನಪು.

ಮೇಡಂ, ನಿಮ್ಮ ತರಗತಿಗೆ ಒಂದು ಉಪಾಯವಿದೆ. ಎರಡು ದಿಕ್ಕಿನ ಗಡಿಯಾರದ ಅಂತರಗಳನ್ನು ಕೂಡಿಸಿದರೆ ಸಮಯವಲಯದ ವ್ಯತ್ಯಾಸ ತಾನಾಗಿಯೇ ಅಳಿಸಿಹೋಗುತ್ತದೆ. ಮೇಲಿನ ಉದಾಹರಣೆಯಲ್ಲಿ 3 ಮತ್ತು 12 ಸೇರಿದರೆ 15. ಎಂಟು ಮತ್ತು ಏಳು ಸೇರಿದರೂ 15.

ಖಚಿತವಾದಿ

ಗಾಳಿ, ಗೋಳ, ಗಡಿಯಾರ ಎಲ್ಲವೂ ಸರಿ. ಆದರೆ ಉಳಿದ ಒಂದೂವರೆ ಗಂಟೆಯ ವಿಷಯದಲ್ಲಿ ನನಗೆ ನೇರವಾದ ಆಕ್ಷೇಪವಿದೆ. ವಿಮಾನ ಸಂಸ್ಥೆಗಳು ತಡವಾದರೂ ತಡವಾಗಿಲ್ಲ ಎಂದು ತೋರಿಸಿಕೊಳ್ಳುವುದಕ್ಕಾಗಿ ಬೇಕೆಂದೇ ಸಮಯವನ್ನು ಹಿಗ್ಗಿಸಿ ಬರೆಯುತ್ತವೆ. ಆರು ಗಂಟೆಯ ಯಾನವನ್ನು ಏಳು ಎಂದು ಬರೆದು, ಆರೂಮುಕ್ಕಾಲಿಗೆ ಇಳಿಸಿ, ಬೇಗ ಬಂದೆವು ಎಂದು ಘೋಷಿಸುವುದನ್ನು ನಾನು ಅನೇಕ ಸಲ ಕೇಳಿದ್ದೇನೆ. ಪ್ರಯಾಣಿಕನಿಗೆ ನಿಜವಾದ ಸಂಖ್ಯೆಯನ್ನು ಹೇಳಬೇಕಲ್ಲವೇ?

ಯಾನಯೋಜಕ

ಖಚಿತವಾದಿಯವರ ಆಕ್ಷೇಪದಲ್ಲಿ ಹುರುಳಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ವೇಳಾಪಟ್ಟಿಯಲ್ಲಿ ಒಂದಿಷ್ಟು ಹೆಚ್ಚುವರಿ ಸಮಯ ಇರುತ್ತದೆ. ಆದರೆ ಮೊದಲು ಆ ಪಟ್ಟಿ ಯಾವ ಸಮಯವನ್ನು ಅಳೆಯುತ್ತಿದೆ ಎಂಬುದನ್ನು ನೋಡಬೇಕು.

ವೇಳಾಪಟ್ಟಿಯಲ್ಲಿರುವುದು ನಮ್ಮ ವೃತ್ತಿಯಲ್ಲಿ ಬ್ಲಾಕ್ ಟೈಮ್ ಎನ್ನುವ ಸಮಯ. ವಿಮಾನ ನಿಂತಲ್ಲಿಂದ ಹಿಂದಕ್ಕೆ ಸರಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಬಂದು ಗೇಟಿನ ಬಳಿ ನಿಂತ ಕ್ಷಣದವರೆಗೆ ಅದನ್ನು ಎಣಿಸುತ್ತಾರೆ. ಜೆ.ಎಫ್.ಕೆ.ಯಲ್ಲಿ ಸಂಜೆಯ ಹೊತ್ತು, ಯೂರೋಪಿಗೆ ಹೊರಡುವ ವಿಮಾನಗಳೆಲ್ಲ ಒಂದರ ಹಿಂದೆ ಒಂದು ಸಾಲುಗಟ್ಟಿದಾಗ, ರನ್‌ವೇ ತಲುಪುವುದಕ್ಕೇ ಅರ್ಧ ಗಂಟೆ ಹಿಡಿಯುವುದು ಅಪರೂಪವಲ್ಲ. ಪ್ರಯಾಣಿಕನಿಗೆ ವಿಮಾನ ಹೊರಟಿದೆ, ಆದರೆ ಅದು ಹಾರಿಲ್ಲ.

ಹಾರಿದ ಮೇಲೂ 900 ಕಿ.ಮೀ. ವೇಗ ಕೂಡಲೇ ಬರುವುದಿಲ್ಲ. ಸಾಮಾನ್ಯವಾಗಿ ಹತ್ತು ಸಾವಿರ ಅಡಿಯ ಕೆಳಗೆ ವೇಗಕ್ಕೆ 250 ನಾಟ್ ಮಿತಿಯಿದೆ, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಪೂರ್ಣ ಎತ್ತರಕ್ಕೆ ಏರಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು. ಇಳಿಯುವಾಗ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ 1.85 ಕಿ.ಮೀ.) ಎಂಬ ಹಳೆಯ ಲೆಕ್ಕವನ್ನು ಹಿಡಿದರೆ, 37,000 ಅಡಿಯಿಂದ ಕೆಳಗಿಳಿಯಲು ಸುಮಾರು 205 ಕಿ.ಮೀ. ಮೊದಲೇ ಇಳಿತ ಶುರುವಾಗಬೇಕು. ಹೊರಡುವ ರನ್‌ವೇ ಹೋಗಬೇಕಾದ ದಿಕ್ಕಿಗೆ ವಿರುದ್ಧವಾಗಿದ್ದರೆ ಸುತ್ತಿ ಬರುವ ದೂರ ಬೇರೆ. ಇಷ್ಟಾಗಿ ಹೀಥ್ರೂ ಸಮೀಪಿಸಿದರೆ ಬೋವಿಂಗ್ಡನ್, ಲ್ಯಾಂಬೋರ್ನ್, ಆಕಮ್ ಮತ್ತು ಬಿಗಿನ್ ಎಂಬ ನಾಲ್ಕು ಕಡೆ ವಿಮಾನಗಳು ಸರದಿಗಾಗಿ ಒಂದರ ಮೇಲೊಂದು ಎತ್ತರದಲ್ಲಿ ಸುತ್ತು ಹಾಕುತ್ತಿರುತ್ತವೆ. ಅಲ್ಲಿ ಹತ್ತು ಹದಿನೈದು ನಿಮಿಷ ಕಳೆಯುವುದು ಮಾಮೂಲು.

ಇವೆಲ್ಲ ದಿನಕ್ಕೊಂದು ತೆರನಾಗಿ ಬದಲಾಗುತ್ತವೆ, ಗಾಳಿಯಂತೂ ಸರಿಯೇ ಸರಿ. ಆದರೆ ವೇಳಾಪಟ್ಟಿ ಆರು ತಿಂಗಳ ಕಾಲಕ್ಕೆ ಒಂದೇ ಇರಬೇಕು. ಹೀಗಿರುವಾಗ ಸರಾಸರಿ ಸಮಯವನ್ನು ಬರೆದರೆ ಅರ್ಧದಷ್ಟು ದಿನ ವಿಮಾನ ತಡವಾಗುತ್ತದೆ, ಮುಂದಿನ ವಿಮಾನ ಹಿಡಿಯಬೇಕಾದವರು ಅರ್ಧದಷ್ಟು ದಿನ ಸಿಕ್ಕಿಹಾಕಿಕೊಳ್ಳುತ್ತಾರೆ. ಹತ್ತರಲ್ಲಿ ಏಳೆಂಟು ದಿನ ಸಾಕಾಗುವಷ್ಟು ಸಮಯವನ್ನು ಬರೆಯುವುದು ಅದಕ್ಕಾಗಿ. ಅದನ್ನು ಮೋಸವೆನ್ನಲು ನನಗೆ ಮನಸ್ಸು ಬಾರದು. ಆದರೆ ಖಚಿತವಾದಿಯವರು ಹೇಳಿದಂತೆ, ಹಾರಾಟದ ಸಮಯ ಮತ್ತು ಬ್ಲಾಕ್ ಟೈಮ್ ಎರಡನ್ನೂ ಬೇರೆಬೇರೆಯಾಗಿ ತಿಳಿಸುವ ಪದ್ಧತಿ ಬಂದರೆ ಅದನ್ನು ನಾನು ಮೊದಲು ಸ್ವಾಗತಿಸುತ್ತೇನೆ.

ಖಚಿತವಾದಿ

ಬೇರೆಬೇರೆಯಾಗಿ ತಿಳಿಸಿದರೆ ನನ್ನ ಆಕ್ಷೇಪ ಉಳಿಯುವುದಿಲ್ಲ. ಹೆಚ್ಚುವರಿ ಸಮಯ ಇರುವುದಕ್ಕಲ್ಲ, ಅದನ್ನು ಯಾನದ ಸಮಯವೆಂದು ಕರೆಯುವುದಕ್ಕೆ ನನ್ನ ವಿರೋಧ.

ಇತಿಹಾಸಾಸಕ್ತೆ

ಈ ಚರ್ಚೆಯನ್ನು ಓದುತ್ತಾ ಬಂದಂತೆ, ಅಟ್ಲಾಂಟಿಕ್ ದಾಟಿದವರ ಇತಿಹಾಸವೆಲ್ಲ ಈ ಒಂದು ಗಾಳಿಯ ಇತಿಹಾಸವೇ ಎಂದು ನನಗೆ ಅನ್ನಿಸಿತು. ಆಲ್ಕಾಕ್ ಮತ್ತು ಬ್ರೌನ್ 1919ರ ಜೂನ್ ತಿಂಗಳಲ್ಲಿ ಮೊದಲ ಬಾರಿಗೆ ನಿಲ್ಲದೆ ಸಾಗರ ದಾಟಿದ್ದು ನ್ಯೂಫೌಂಡ್‌ಲ್ಯಾಂಡಿನಿಂದ ಐರ್ಲೆಂಡಿಗೆ, ಅಂದರೆ ಗಾಳಿಯ ಜೊತೆಯಲ್ಲಿ, ಸುಮಾರು 16 ಗಂಟೆಗಳಲ್ಲಿ. 1927ರಲ್ಲಿ ಲಿಂಡ್‌ಬರ್ಗ್ ಒಬ್ಬರೇ ಹಾರಿದ್ದೂ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ. ಎದುರುಗಾಳಿಯಲ್ಲಿ ಪಶ್ಚಿಮಕ್ಕೆ ಒಂದು ವಿಮಾನ ನಿಲ್ಲದೆ ದಾಟುವುದಕ್ಕೆ 1928ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಬ್ರೆಮೆನ್ ಎಂಬ ಆ ವಿಮಾನ ಐರ್ಲೆಂಡಿನಿಂದ ಹೊರಟು, 36 ಗಂಟೆಗಳ ಬಳಿಕ ಕೆನಡಾದ ಒಂದು ಪುಟ್ಟ ದ್ವೀಪದಲ್ಲಿ ಇಳಿಯಿತು. ಒಂದೇ ಸಾಗರ, ನಡುವೆ ಒಂಬತ್ತು ವರ್ಷ.

ಜೆಟ್ ವಿಮಾನಗಳು ಬಂದಾಗಲೂ ಈ ಭೇದ ಅಳಿಯಲಿಲ್ಲ. 1958ರ ಅಕ್ಟೋಬರ್ 4ರಂದು ಕಾಮೆಟ್ 4 ವಿಮಾನಗಳು ಲಂಡನ್ ಮತ್ತು ನ್ಯೂಯಾರ್ಕ್ ಎರಡೂ ಕಡೆಯಿಂದ ಹೊರಟವು. ಪೂರ್ವಕ್ಕೆ ಬಂದದ್ದು ನಿಲ್ಲದೆ ಬಂದಿತು, ಪಶ್ಚಿಮಕ್ಕೆ ಹೋದದ್ದು ಇಂಧನಕ್ಕಾಗಿ ಗ್ಯಾಂಡರಿನಲ್ಲಿ ಇಳಿಯಬೇಕಾಯಿತು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನ ಸಹ ತನ್ನ ದಾಖಲೆಯನ್ನು ಬರೆದದ್ದು ಪೂರ್ವ ದಿಕ್ಕಿನಲ್ಲಿಯೇ: 1996ರ ಫೆಬ್ರವರಿ 7ರಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 2 ಗಂಟೆ 52 ನಿಮಿಷ 59 ಸೆಕೆಂಡ್.

ಈ ಗಾಳಿಯನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ. 1920ರ ದಶಕದಲ್ಲಿ ತಾತೆನೊ ಎಂಬಲ್ಲಿಂದ ಬಲೂನುಗಳನ್ನು ಹಾರಿಸಿ ಅವರು ಅದನ್ನು ಗುರುತಿಸಿದರು, ಮತ್ತು ಜಗತ್ತಿನವರೆಲ್ಲ ಓದಲಿ ಎಂದು 1926ರಲ್ಲಿ ಎಸ್ಪೆರಾಂಟೊ ಎಂಬ ಕೃತಕ ವಿಶ್ವಭಾಷೆಯಲ್ಲಿ ಪ್ರಕಟಿಸಿದರು. ಆ ಭಾಷೆಯ ಕಾರಣದಿಂದಲೇ ಬಹಳ ಜನ ಅದನ್ನು ಓದದೆ ಹೋದರು. ಈ ಸಂಗತಿ ನನ್ನನ್ನು ಯಾವಾಗಲೂ ಕಾಡುತ್ತದೆ.

ಕುತೂಹಲಿ

2020ರ ಫೆಬ್ರವರಿಯಲ್ಲಿ ಸಿಯಾರಾ ಬಿರುಗಾಳಿಯ ಸಮಯದಲ್ಲಿ ಒಂದು ಬೋಯಿಂಗ್ 747 ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಗಳಲ್ಲಿ ಬಂದಿತೆಂದೂ, ಅದರ ವೇಗ ಗಂಟೆಗೆ 1,327 ಕಿ.ಮೀ. ಮುಟ್ಟಿತ್ತೆಂದೂ ಓದಿದ ನೆನಪಿದೆ. ನೆಲದ ಬಳಿ ಶಬ್ದದ ವೇಗ ಸುಮಾರು 1,225 ಎನ್ನುತ್ತಾರೆ. ಹಾಗಾದರೆ ಅದು ಶಬ್ದವನ್ನು ಮೀರಿ ಹಾರಿತೇ?

ಯಾನಯೋಜಕ

ಇಲ್ಲ. ಗಾಳಿಯೊಳಗಿನ ವೇಗ ಎಂದಿನಂತೆಯೇ ಇತ್ತು, ನದಿಯೇ ಗಂಟೆಗೆ ನಾನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಹರಿಯುತ್ತಿತ್ತು. ದೋಣಿಯಲ್ಲಿ ಕುಳಿತವನಿಗೆ ಹುಟ್ಟಿನ ಭಾರ ಹೆಚ್ಚಾಗಲಿಲ್ಲ, ದಡ ಮಾತ್ರ ಬೇಗಬೇಗ ಹಿಂದೆ ಸರಿಯಿತು.

ಸಂಕೇತಕಾರ

ಈಗ ನನ್ನದೇ ಒಂದು ಪ್ರಶ್ನೆ. ನನ್ನ ಪ್ರೋಗ್ರಾಂ ಇಲ್ಲಿಯವರೆಗೆ ದೂರವನ್ನು ವೇಗದಿಂದ ಭಾಗಿಸಿ, ಏರಿಳಿತಕ್ಕೆಂದು ಅರ್ಧ ಗಂಟೆ ಸೇರಿಸಿ, ಒಂದೇ ಸಂಖ್ಯೆಯನ್ನು ತೋರಿಸುತ್ತಿತ್ತು. ಲಂಡನ್–ನ್ಯೂಯಾರ್ಕಿಗೆ ಅದು 6 ಗಂಟೆ 40 ನಿಮಿಷ ಎನ್ನುತ್ತದೆ, ಎರಡೂ ದಿಕ್ಕಿಗೆ. ಇದನ್ನು ಓದಿದ ಮೇಲೆ ಹಾಗೆಯೇ ಬಿಡುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ.

ಯಾನಯೋಜಕ

ದಿಕ್ಕಿಗೊಂದು ಸಂಖ್ಯೆ ಕೊಡಿ, ಸಾಧ್ಯವಾದರೆ ಚಳಿಗಾಲಕ್ಕೂ ಬೇಸಿಗೆಗೂ ಬೇರೆಬೇರೆ ಕೊಡಿ, ಮತ್ತು ಅದು ಹಾರಾಟದ ಸಮಯವೋ ಗೇಟಿನಿಂದ ಗೇಟಿಗೆ ಹಿಡಿಯುವ ಸಮಯವೋ ಎಂಬುದನ್ನು ಬರೆಯಿರಿ. ಇಷ್ಟು ಮಾಡಿದರೂ ಕೆಲವು ಜೋಡಿ ನಗರಗಳಲ್ಲಿ ಲೆಕ್ಕ ತಪ್ಪುತ್ತದೆ. ಹೆಲ್ಸಿಂಕಿಯಿಂದ ಟೋಕಿಯೊಗೆ 2022ರ ಆರಂಭದವರೆಗೆ ಸುಮಾರು ಒಂಬತ್ತೂವರೆ ಗಂಟೆ ಹಿಡಿಯುತ್ತಿತ್ತು. ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ ಅದು ಸುಮಾರು ಹದಿಮೂರಕ್ಕೆ ಏರಿತು. ಭೂಪಟಪ್ರೇಮಿಯವರ ದಾರದ ಅಳತೆ ಒಂದು ಅಂಗುಲವೂ ಬದಲಾಗಿರಲಿಲ್ಲ. ಆದ್ದರಿಂದ ಪ್ರಕಟವಾದ ವೇಳಾಪಟ್ಟಿ ಸಿಗುವ ಕಡೆ ಸೂತ್ರವನ್ನು ಬಿಟ್ಟು ಅದನ್ನೇ ಬಳಸಿ.

ಗಣಿತಶಿಕ್ಷಕಿ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ಎರಡು ಅವಧಿಗಳನ್ನು ಒಟ್ಟಿಗೆ ತೆಗೆದುಕೊಂಡು ಇದನ್ನೇ ಮಾಡಿದೆವು. ಮೊದಲು ಭೂಗೋಳ ಮತ್ತು ದಾರ, ಬಳಿಕ ದೋಣಿ, ಬಳಿಕ ವಿಮಾನ. ಹೋಗಿಬರುವ ಲೆಕ್ಕದಲ್ಲಿ ಒಂಬತ್ತು ನಿಮಿಷ ಹೆಚ್ಚು ಬಂದಾಗ ಮೂರ್ನಾಲ್ಕು ಮಕ್ಕಳು ತಮ್ಮದೇ ತಪ್ಪೆಂದು ಭಾವಿಸಿ ಅಳಿಸಿ ಮತ್ತೆ ಮಾಡಿದರು. ಎಲ್ಲರಿಗೂ ಅದೇ ಉತ್ತರ ಬಂದ ಮೇಲೆ ತರಗತಿಯಲ್ಲಿ ಎದ್ದ ಗದ್ದಲವನ್ನು ನಾನು ತಡೆಯಲಿಲ್ಲ.

ಮೊದಲು ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಇನ್ನೊಂದನ್ನು ಕೇಳಿದಳು. ಗಾಳಿ ಜೊತೆಗೂ ಬೀಸದೆ, ಎದುರಿಗೂ ಬೀಸದೆ, ಪಕ್ಕದಿಂದ ಬೀಸಿದರೆ ಏನಾಗುತ್ತದೆ? ನದಿಯನ್ನು ಅಡ್ಡಲಾಗಿ ದಾಟುವ ದೋಣಿಯ ಚಿತ್ರವನ್ನು ಅವಳೇ ಕಪ್ಪುಹಲಗೆಯ ಮೇಲೆ ಬರೆದಳು. ದಡಕ್ಕೆ ನೇರವಾಗಿ ತಲುಪಬೇಕಾದರೆ ದೋಣಿಯ ಮೂತಿಯನ್ನು ಪ್ರವಾಹಕ್ಕೆ ಎದುರಾಗಿ ಸ್ವಲ್ಪ ತಿರುಗಿಸಬೇಕು ಎಂದಳು. ಪೈಥಾಗೊರಸ್ ಪ್ರಮೇಯವನ್ನು ಹಚ್ಚಿ, 900ರ ವೇಗ 100ರ ಅಡ್ಡಗಾಳಿಯಲ್ಲಿ ಸುಮಾರು 894ಕ್ಕೆ ಇಳಿಯುವುದನ್ನೂ, 6 ಗಂಟೆ 10 ನಿಮಿಷದ ಯಾನ 6 ಗಂಟೆ 12 ನಿಮಿಷವಾಗುವುದನ್ನೂ ಲೆಕ್ಕ ಹಾಕಿ ತೋರಿಸಿದಳು.

"ಹೋಗುವಾಗಲೂ ಎರಡು ನಿಮಿಷ, ಬರುವಾಗಲೂ ಎರಡು ನಿಮಿಷ, ಟೀಚರ್" ಎಂದಳು.